ಗೆರೆ ಹಿಡಿದು ನಿಲ್ಲಿಸಿದ ಗಾಡಿ

ಸಿಂದಗಿಯ ಕೋರ್ಟಿನ ಎದುರಿಗಿನ ನಮ್ಮ ವಕೀಲರ ಕೋಣೆಯಲ್ಲಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಆ ದಿನ ನಮ್ಮ ಗಾಡಿ ನಿಂತಿದ್ದಲ್ಲಿ ರಸ್ತೆಯ ಅಂಚಿಗೆ ಹಳದಿ ಗೆರೆ ಇತ್ತೋ, ಇರಲಿಲ್ಲವೋ?

"ಇರಲಿಲ್ಲ" ಎಂದೆ. ಮಾತು ಬಾಯಿಂದ ಬಿದ್ದ ಮರುಕ್ಷಣವೇ ಅಲ್ಲೊಂದು ಗೆರೆ ಕಾಣಿಸಿತು. ನನ್ನ ಕಿಟಕಿಯ ಕೆಳಗೇ, ಧೂಳು ಹಿಡಿದ ಹಳದಿ. ಕಣ್ಣು ಮುಚ್ಚಿ ತೆಗೆದೆ. ಹೋಗಲಿಲ್ಲ.

ಗಾಡಿ ನನ್ನ ಅಕ್ಕನ ಗಂಡನದು; ನಮ್ಮ ಕಡೆ ಭಾವನನ್ನು ಕರೆಯುವುದು ಮಾಮಾ ಎಂದೇ. ನಮ್ಮೂರು ಇಂಡಿಯ ಸುತ್ತಲಿನ ತೋಟಗಳಿಂದ ನಿಂಬೆಹಣ್ಣು ಹೇರಿಕೊಂಡು ಆಲಮೇಲ, ಸಿಂದಗಿಯ ವ್ಯಾಪಾರಿಗಳಿಗೆ ಮುಟ್ಟಿಸುವ ಸಣ್ಣ ಟೆಂಪೊ. ಅಂದು ಸಿಂದಗಿಯ ಸಂತೆ. ನಾನು ಪಾಠ ಮಾಡುವ ಕಾಲೇಜಿಗೆ ರಜೆ ಇತ್ತು, ಮನೆಯಲ್ಲಿ ಕೂತು ಬೇಸರವಾಗಿ ನಾನೂ ಹತ್ತಿಕೊಂಡಿದ್ದೆ. ಆಲಮೇಲದಲ್ಲಿ ಅರ್ಧ ಮಾಲು ಇಳಿಸಿ ಸಿಂದಗಿಗೆ ಬಂದೆವು. ಬಸ್ ಸ್ಟ್ಯಾಂಡಿನ ಕಡೆ ಹೋಗುವ ದೊಡ್ಡ ರಸ್ತೆಯಲ್ಲಿ ಭಾವ ಗಾಡಿಯನ್ನು ಎಡಕ್ಕೆ ಹಚ್ಚಿ, ವ್ಯಾಪಾರಿಯನ್ನು ಕಾಣಲು ಇಳಿದು ಹೋದ. ನಾನು ಎಡಗಡೆಯ ಸೀಟಿನಲ್ಲಿ ಉಳಿದೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಏನೋ ಬಡಿದು ಗಾಡಿಯೆಲ್ಲ ಅದುರಿತು. ಮೋಟಾರ್ ಸೈಕಲ್ ಮೇಲೆ ಬರುತ್ತಿದ್ದ ಒಬ್ಬ ದರ್ಜಿ, ಎದುರಿನ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ, ನಮ್ಮ ಗಾಡಿಯ ಹಿಂದಿನ ಮೂಲೆಗೆ ಗುದ್ದಿದ್ದ. ಅವನ ಕಾಲು ಮೊಣಕಾಲಿನ ಕೆಳಗೆ ಮುರಿದಿತ್ತು. ಟೆಂಪೊದ ಹಿಂಬಾಗಿಲು ಕಳಚಿ, ಚೀಲಗಳು ಬಿದ್ದು ಒಡೆದು, ಮಾಗಿದ ನಿಂಬೆಹಣ್ಣು ರಸ್ತೆಯ ತುಂಬ ಉರುಳಿದವು.

ಇಷ್ಟು ಖಾತ್ರಿ. ಉಳಿದದ್ದು ಯಾವುದೂ ಖಾತ್ರಿಯಿಲ್ಲ.

ನಿಲ್ಲಿಸಬಾರದ ಜಾಗದಲ್ಲಿ ಗಾಡಿ ನಿಲ್ಲಿಸಿ ಒಬ್ಬನ ಕಾಲು ಮುರಿಯಲು ಕಾರಣನಾದ ಎಂದು ಭಾವನ ಮೇಲೆ ಕೇಸು ಬಿತ್ತು. ಸಾಬೀತಾದರೆ ಲೈಸೆನ್ಸು ಹೋಗುತ್ತದೆ, ಜೈಲೂ ಆಗಬಹುದು ಎಂದರು ವಕೀಲರು. ಸ್ಟೇರಿಂಗು ಬಿಟ್ಟರೆ ಭಾವನಿಗೆ ಬೇರೆ ಕೆಲಸ ಗೊತ್ತಿಲ್ಲ. ಮನೆ ನಡೆಯುವುದೇ ಆ ಗಾಡಿಯಿಂದ. ಆ ಮನೆಯ ಪಡಸಾಲೆಯಲ್ಲಿ ನಾನೂ ಇದ್ದೇನೆ. ಧಾರವಾಡದಲ್ಲಿ ತತ್ವಶಾಸ್ತ್ರ ಓದಿ ಬಂದವನು, ಒಂದು ಕೆಲಸದಲ್ಲೂ ನೆಟ್ಟಗೆ ನಿಂತವನಲ್ಲ. ಟ್ಯೂಶನ್ ಕ್ಲಾಸು ಬಿಟ್ಟೆ, ವಿಮೆ ಮಾರುವುದು ಬಿಟ್ಟೆ, ಈಗ ಅತಿಥಿ ಉಪನ್ಯಾಸಕ. ಮನುಷ್ಯನ ನೆನಪನ್ನು ನಂಬಬಾರದು ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಹೇಳುವಾಗ ಒಂದು ಸುಖವೂ ಇರುತ್ತಿತ್ತು.

ಆ ದಿನ ಅಂಚಿನ ಬದಿಗೆ ಕೂತಿದ್ದವನು ನಾನೊಬ್ಬನೇ. ಪೊಲೀಸರು ಗೆರೆ ಇತ್ತು ಎಂದು ಬರೆದಿದ್ದರು. ಅಲ್ಲೇ ನಿಂತು ಬರೆದದ್ದಲ್ಲ, ಠಾಣೆಯಲ್ಲಿ ಕೂತು ಬರೆದದ್ದು ಎನ್ನುವುದು ವಕೀಲರ ವಾದ. ಯಾರೋ ಫೋನಿನಲ್ಲಿ ಹೊಡೆದ ಫೋಟೊದಲ್ಲಿ ಅಂಚೆಲ್ಲ ನಿಂಬೆಹಣ್ಣಿನಿಂದ ಮುಚ್ಚಿಹೋಗಿದೆ. ಹೋಗಿ ನೋಡೋಣವೆಂದರೆ ಆ ರಸ್ತೆಗೆ ಹೊಸ ಡಾಂಬರು ಬಿದ್ದಿದೆ. ಅಪ್ಪಟ ಕಪ್ಪು, ಒಂದು ಗೆರೆಯಿಲ್ಲ.

ವಕೀಲರು ಎಲೆಅಡಿಕೆ ಹಾಕುತ್ತ ನನಗೆ ಪಾಠ ಹೇಳಿದರು. "ನೋಡ್ರಿ, ಅಂಚಿಗೆ ಬಿಳಿ ಗೆರಿ ಇದ್ರ ರಸ್ತಾ ಇಲ್ಲಿಗೆ ಮುಗೀತು ಅಂತ, ಅಷ್ಟ. ಹಳದಿ ಗೆರಿ, ನಡುವ ಎಲ್ಲೂ ಕಡೀಲಾರದ ಹಂಗ ಎಳದಿದ್ರ, ಅಲ್ಲಿ ಗಾಡಿ ಬಿಟ್ಟು ಹೋಗೂ ಹಂಗಿಲ್ಲ. ಮಂದಿನ ಇಳಿಸಿ ಹೊಂಟ್ರ ಅದು ನಿಲ್ಸೂದು. ಡ್ರೈವರ್ ಇಳದು ಅಂಗಡಿಗೆ ಹೋದ್ರ ಅದು ಪಾರ್ಕಿಂಗ್. ನಿಮ್ಮ ಮಾಮಾ ಇಳದು ಹೋಗ್ಯಾನ. ಅದಕ್ಕ ಇನ್ನ ಉಳದದ್ದು ಗೆರಿ ಒಂದ."

"ಕಡಿದು ಕಡಿದು ಎಳೆದಿದ್ದರೆ?"

"ಕಡದಿತ್ತೇನು?"

"ಗೊತ್ತಿಲ್ಲ."

ಅವರು ಅಗಿಯುವುದನ್ನು ನಿಲ್ಲಿಸಿದರು. "ಪ್ರೊಫೆಸರ್ರೇ, ಈಗರ ಗೆರಿನ ಇಲ್ಲ ಅಂದ್ರಿ. ಇಲ್ಲದ ಗೆರಿ ಕಡದಿತ್ತೋ ಕೂಡಿತ್ತೋ ಅಂತ ಕೇಳ್ತೀರಲ್ಲ, ಕೋರ್ಟಿನ್ಯಾಗ ಹಿಂಗ ಮಾತಾಡಿದ್ರ ನಿಮ್ಮ ಮಾಮಾನ ಜೋಡಿ ನನ್ನೂ ಒಳಗ ಹಾಕ್ತಾರ."

ಅಂದಿನಿಂದ ನಾನು ಎಲ್ಲಿ ನಡೆದರೂ ನೆಲ ನೋಡುತ್ತ ನಡೆದೆ. ಇಂಡಿಯಲ್ಲಿ, ಝಳಕಿಯ ಹೆದ್ದಾರಿಯಲ್ಲಿ, ಬಸ್ಸಿನ ಕಿಟಕಿಯಿಂದ. ಇಷ್ಟು ವರ್ಷ ಆ ಗೆರೆಗಳ ಮೇಲೆ ಓಡಾಡಿದ್ದೆ, ಒಂದನ್ನೂ ನೋಡಿರಲಿಲ್ಲ. ರಸ್ತೆಯ ನಡುವಿನ ಕಲ್ಲಿಗೆ ಬಳಿದ ಹಳದಿ ಕಪ್ಪು ಪಟ್ಟಿಗೂ ನಿಲುಗಡೆಗೂ ಸಂಬಂಧವಿಲ್ಲ, ಕಲ್ಲು ಕತ್ತಲಲ್ಲಿ ಕಾಣಲಿ ಎಂದು ಮಾತ್ರ. ಬಸ್ಸು ನಿಲ್ಲುವಲ್ಲಿ ಹಳದಿ ಚೌಕ, ಒಳಗೆ ದೊಡ್ಡ ಅಕ್ಷರ. ಅಲ್ಲಿ ಬಸ್ಸಿನ ಹೊರತು ಯಾರೂ ನಿಲ್ಲುವಂತಿಲ್ಲ, ಎಲ್ಲರೂ ನಿಂತಿರುತ್ತಾರೆ. ಕಡಿದು ಎಳೆದ ಹಳದಿ ಗೆರೆಯ ಬಗ್ಗೆ ಇಬ್ಬರನ್ನು ಕೇಳಿದರೆ ಎರಡು ಥರ ಹೇಳಿದರು. ಒಂದೊಂದು ಗೆರೆ ಅರ್ಥವಾದ ಹಾಗೆಲ್ಲ ಅದು ಹೋಗಿ ಸಿಂದಗಿಯ ಆ ಅಂಚಿಗೆ ಅಂಟಿಕೊಳ್ಳುತ್ತಿತ್ತು. ಬೆಳಗ್ಗೆ ಬಿಳಿ, ಮಧ್ಯಾಹ್ನ ಹಳದಿ. ನಾನು ಕಂಡದ್ದು ಗೆರೆಯೋ, ಅಥವಾ ಆಮೇಲೆ ಚಕ್ರದ ಕೆಳಗೆ ಹಿಚುಕಿಹೋದ ನಿಂಬೆಹಣ್ಣಿನ ಹಳದಿಯೋ? ಎಷ್ಟು ಯೋಚಿಸಿದರೂ ಹಣ್ಣು ಬೀಳುವುದಕ್ಕೆ ಮುಂಚಿನ ನೆಲ ನನ್ನ ಕಣ್ಣಿಗೆ ಬರಲಿಲ್ಲ.

ಅಕ್ಕನಿಗೆ ಇದೆಲ್ಲ ಅರ್ಥವಾಗಲಿಲ್ಲ. "ಇಲ್ಲ ಅಂದೀ, ಇಲ್ಲ ಅನ್ನು. ಎಷ್ಟ ಸಲ ಕೇಳ್ತೀ ನಿನಗ ನೀನ?" ಎಂದಳು. ಊಟಕ್ಕೆ ಕೂತಾಗ ರೊಟ್ಟಿ ಮುರಿದು ಕೈಯಲ್ಲೇ ಹಿಡಿದಿರುತ್ತಿದ್ದೆ. ಅವಳು ಸಿಟ್ಟಿನಿಂದ ಇನ್ನೊಂದು ರೊಟ್ಟಿ ಎಸೆದಂತೆ ಹಾಕುತ್ತಿದ್ದಳು.

ಸಾಕ್ಷಿಯ ದಿನ ಹತ್ತಿರ ಬಂದಾಗ ತಡೆಯಲಾಗಲಿಲ್ಲ. ಸಿಂದಗಿಯ ರಸ್ತೆಗೆ ಮೊದಲು ಬಣ್ಣ ಬಳಿದಿದ್ದ ತಂಡವೇ ಈಗ ಮುದ್ದೇಬಿಹಾಳದಲ್ಲಿ ಕೆಲಸ ಮಾಡುತ್ತಿದೆ ಎಂದು ಒಬ್ಬರು ಹೇಳಿದರು. ಅವರನ್ನು ಕೇಳಿದರೆ ತೀರಿತಲ್ಲ ಎಂದು ಬಸ್ಸು ಹತ್ತಿದೆ. ಅವರು ಊರ ಹೊರಗೆ ಬಿಸಿಲಲ್ಲಿ ಬಣ್ಣದ ಗಾಡಿ ತಳ್ಳುತ್ತಿದ್ದರು. ಹಸಿ ಗೆರೆಯ ಮೇಲೆ ಯಾರೂ ಹಾಯದ ಹಾಗೆ ಕಲ್ಲು ಇಟ್ಟಿದ್ದರು. ತಂಡದ ಹಿರಿಯನನ್ನು ಕೇಳಿದೆ: ಸಿಂದಗಿಯಲ್ಲಿ, ಬಸ್ ಸ್ಟ್ಯಾಂಡಿನ ರಸ್ತೆಯಲ್ಲಿ, ಎಡಬದಿಗೆ, ಹಳದಿ ಎಳೆದಿದ್ದಿರಾ?

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಸಿಂದಗಿಯಾಗ ಎಳದೇವ್ರಿ."

"ಹಳದಿ?"

"ಹಳದೀನೂ ಎಳದೇವಿ, ಬಿಳೀನೂ ಎಳದೇವಿ. ಸಾಹೇಬ್ರು ಇಲ್ಲಿಂದ ಅಲ್ಲಿ ಮಟ ಅಂತಾರ, ಎಳೀತೇವಿ. ಎಳದದ್ದೆಲ್ಲ ನೆನಪ ಇಟಗೊಂಡ್ರ ತಲಿ ಕೆಡ್ತದ್ರಿ ನಮ್ದು."

ಪಕ್ಕದವನು ನಕ್ಕ. "ಯಾಕ್ರೀ ಸರ, ಗೆರಿ ಕಳಕೊಂಡೀರೇನು?"

ನನಗೂ ನಗು ಬರಬೇಕಿತ್ತು. ಬರಲಿಲ್ಲ. ಅವನ ಕೈ ಹಿಡಿದು ಇನ್ನೊಮ್ಮೆ ನೆನಪು ಮಾಡಿಕೋ ಎಂದು ಬೇಡಿಕೊಂಡೆ. ಅವನು ಮೆಲ್ಲಗೆ ಕೈ ಬಿಡಿಸಿಕೊಂಡು ನೀರು ಕುಡಿಯಿರಿ ಎಂದು ಬಾಟಲಿ ಕೊಟ್ಟ. ನೀರು ಕುಡಿದು ಹೊರಟೆ.

ಬರುವಾಗ ಬಸವನ ಬಾಗೇವಾಡಿಯಲ್ಲಿ ಇಳಿದೆ. ಕಾರಣವಿರಲಿಲ್ಲ, ಬಸ್ಸಿನಲ್ಲಿ ಕೂರಲಾಗಲಿಲ್ಲ ಅಷ್ಟೆ. ಅಲ್ಲಿ ಸಂತೆ ಕೂಡುತ್ತಿತ್ತು. ಒಬ್ಬ ಪುಟ್ಟಿಯಲ್ಲಿ ಸುಣ್ಣದ ಪುಡಿ ಹಿಡಿದು ನೆಲದ ಮೇಲೆ ಗೆರೆ ಹಾಕುತ್ತ ಹೋಗುತ್ತಿದ್ದ. ಹಿಂದೆಯೇ ಕಾಯಿಪಲ್ಲೆಯವರು, ಬಳೆಯವರು, ಮೆಣಸಿನಕಾಯಿಯವರು ತಮ್ಮ ತಮ್ಮ ಗೆರೆಯೊಳಗೆ ತಾಡಪಾಲು ಹಾಸುತ್ತಿದ್ದರು. ಒಬ್ಬಳ ಬುಟ್ಟಿ ಅಂಗೈಯಗಲ ಆಚೆ ಹೋಗಿದ್ದಕ್ಕೆ ಪಕ್ಕದವಳು ಹರಿಹಾಯ್ದಳು. "ಏ ಅವ್ವಾ, ಕಣ್ಣ ಎಲ್ಲಿಟ್ಟೀಯ? ಗೆರಿ ಕಾಣವಲ್ದೇನು?" ಬುಟ್ಟಿ ಒಳಗೆ ಬಂತು. ಚಿಕ್ಕಂದಿನಿಂದ ನೋಡಿದ್ದೇ. ನಮ್ಮ ಕಡೆ ನೆಲದ ಮೇಲೆ ಗೆರೆ ಬಿತ್ತೆಂದರೆ ಅದು ನಿನಗೆ ಕೊಟ್ಟ ಜಾಗ. ಗೆರೆ ಹಿಡಿದು ಕೂತವನನ್ನು ಯಾರೂ ಏಳಿಸುವುದಿಲ್ಲ.

ಸಂತೆಯ ಬದಿಗೇ ಡಾಂಬರು ರಸ್ತೆ. ಅದರ ಅಂಚಿಗೆ, ಎಲ್ಲೂ ಕಡಿಯದ, ಢಾಳಾದ ಹಳದಿ ಗೆರೆ. ಅದರ ಮೇಲೆ ಟೆಂಪೊಗಳು ಸಾಲಾಗಿ ನಿಂತಿದ್ದವು. ಅಡ್ಡಾದಿಡ್ಡಿಯಾಗಿ ಅಲ್ಲ. ಒಂದೊಂದೂ ಎಡಚಕ್ರವನ್ನು ಗೆರೆಗೆ ಹೊಂದಿಸಿ, ನೂಲು ಹಿಡಿದ ಹಾಗೆ. ಒಬ್ಬ ಡ್ರೈವರ್ ಹಿಂದೆ ಮುಂದೆ ಮಾಡಿ, ಇಳಿದು ನೋಡಿ, ಮತ್ತೆ ಹತ್ತಿ ಒಂದು ಗೇಣು ಸರಿಸಿದ.

"ಇಲ್ಲಿ ಯಾಕೆ ನಿಲ್ಲಿಸಿದಿರಿ?" ಎಂದು ಕೇಳಿದೆ.

ಅವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಗೆರಿ ಹಾಕ್ಯಾರಲ್ರಿ. ಜಾಗಾ ಮಾಡಿ ಕೊಟ್ಟಾರ. ಮತ್ತ ಎಲ್ಲಿ ನಿಲ್ಸೂದು, ನಡು ರಸ್ತಾದಾಗ?"

ಭಾವ ಆ ದಿನ ಗಾಡಿ ನಿಲ್ಲಿಸುವಾಗಲೂ ಹೀಗೆ ಹಿಂದೆ ಮುಂದೆ ಮಾಡಿದ್ದ. ಅಥವಾ ಈ ಡ್ರೈವರನನ್ನು ನೋಡಿ ಈಗ ಹಾಗೆ ಅನ್ನಿಸುತ್ತಿದೆಯೋ? ಅಲ್ಲೇ ನಿಂತು ಎರಡನ್ನೂ ಬೇರೆ ಮಾಡಲು ನೋಡಿದೆ. ಹಾಲಿನಿಂದ ನೀರು ತೆಗೆಯುವ ಕೆಲಸ ಅದು.

ಇಂಡಿಗೆ ಬಂದಾಗ ಸಂಜೆ. ಭಾವ ಮನೆಯ ಮುಂದೆ ಗಾಡಿ ತೊಳೆಯುತ್ತಿದ್ದ. ಅಕ್ಕ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ನಾನು ಚೀಲ ಇಳಿಸುವುದಕ್ಕೂ ಮುಂಚೆ ಕೇಳಿದೆ, "ಮಾಮಾ, ಸಿಂದಗ್ಯಾಗ ಅಂಚಿಗೆ ಗೆರಿ ಇತ್ತೇನು?"

"ಇತ್ತಲ್ಲ."

ಸರಾಗವಾಗಿ ಹೇಳಿದ. ಅವನು ಬಟ್ಟೆ ಹಿಂಡಿ ಬಾನೆಟ್ ಮೇಲೆ ಹಾಕಿದ. "ಗೆರಿ ಇದ್ದಲ್ಲೇ ನಿಲ್ಸೇನಿ. ನಾ ಏನು ನಿನ್ನಿ ಮೊನ್ನಿ ಗಾಡಿ ಕಲತಾವನ? ನಿನಗ ಅವಾಗನ ಹೇಳಿದ್ನಲ್ಲೋ ಪಂಡಿತಾ, ಹೊರಗ ತಲಿ ಹಾಕಿ ನೋಡು, ಹೆಂಗ ಗೆರಿ ಹಿಡದು ಹಚ್ಚೇನಿ ಅಂತ. ನೀ ನೋಡಿ 'ಬರೋಬ್ಬರಿ ಐತಿ' ಅಂದಿ."

"ಅಂದೆನಾ?"

"ಅಂದಿ. ಅದಕ್ಕ ನಿನ್ನ ಸಾಕ್ಷಿಗೆ ಕರಸೂದು. ಆ ಪೊಲೀಸ್ನೋರು ಅಡ್ಡ ನಿಲ್ಸಿದ್ದ ಅಂತ ಬರಕೊಂಡಾರಂತ. ನೀ ಹೋಗಿ ಸ್ವಚ್ಛ ಹೇಳು, ನಮ್ಮ ಮಾಮಾ ಗೆರಿ ಮ್ಯಾಲ ಹಚ್ಚಿ ನಿಲ್ಸಿದ್ದ, ಒಂದ ಬೆರಳಷ್ಟೂ ಹೊರಗಿರಲಿಲ್ಲ ಅಂತ. ಮುಗೀತು ಕೇಸು."

ವಕೀಲರು ಗೆರೆಯ ಬಗ್ಗೆ ಕೇಳಿದ್ದು ನನ್ನನ್ನು ಮಾತ್ರ. ಭಾವನಿಗೆ ಅವರು ಹೇಳಿದ್ದು ಇಷ್ಟೇ: ನೀ ಬಾಯಿ ಬಿಡಬೇಡ, ಉಳಿದದ್ದು ನನಗೆ ಬಿಡು. ಹಾಗಾಗಿ ಇಷ್ಟು ದಿನ ಅವನು ನಿಶ್ಚಿಂತೆಯಿಂದ ಇದ್ದ. ತನ್ನನ್ನು ಉಳಿಸುವುದು ಆ ಗೆರೆಯೇ ಎಂದು ನಂಬಿ ಕೂತಿದ್ದ.

ಹೇಳದೆ ಗತಿಯಿರಲಿಲ್ಲ. ಹಳದಿ ಗೆರೆಯ ಅರ್ಥವನ್ನು ಹೇಳಿದೆ. ಅವನು ನಗುತ್ತಲೇ ಕೇಳತೊಡಗಿದ, ನಾನು ಎಂದಿನಂತೆ ಏನೋ ತರ್ಕ ಹೂಡುತ್ತಿದ್ದೇನೆ ಎಂದುಕೊಂಡು. ಆಮೇಲೆ ನಗು ನಿಂತಿತು. ಟೆಂಪೊದ ಮೆಟ್ಟಿಲ ಮೇಲೆ ಕೂತ.

"ನಿಲ್ಲಬಾರ್ದು ಅಂದ್ರ ಖಾಲಿ ಬಿಡಬೇಕಲ್ಲೋ. ಯಾಕ ಗೆರಿ ಹಾಕಬೇಕು?"

ನಾನು ಚೀಲ ಕೆಳಗಿಟ್ಟೆ.

"ಲೈಸೆನ್ಸ್ ಕೊಡಬೇಕಾರ ಸುಣ್ಣದ ಗೆರಿ ಹಾಕಿ ಅದರೊಳಗ ಓಡಸು ಅಂದ್ರು. ಓಡಸೇನಿ. ಗೆರಿ ದಾಟ್ಲಿಲ್ಲ ಅಂತ ಪಾಸ್ ಮಾಡಿದ್ರು. ಯಾರರ ಒಬ್ರು ಹೇಳಬೇಕಿತ್ತಲ್ಲ ನನಗ."

ಅಕ್ಕ ಮೊರವನ್ನು ಬದಿಗಿಟ್ಟು ನನ್ನ ಹತ್ತಿರ ಬಂದಳು. ದನಿ ತಗ್ಗಿಸಿದಳು. "ನಿನಗ ನೆನಪೈತೇನು ಗೆರಿ? ಖರೇ ಹೇಳು. ಅವರು ಹೇಳಿದ್ದಲ್ಲ, ನಿನಗ."

"ಇಲ್ಲ."

"ತಲಿ ಹೊರಗ ಹಾಕಿದ್ದು?"

"ಇಲ್ಲ."

"ಹಂಗಾರ ನೆನಪಿಲ್ಲ ಅಂತನ ಹೇಳು. ಅದೇನು ಸುಳ್ಳ ಅಲ್ಲಲ್ಲ. ಗೆರಿ ಇರಲಿಲ್ಲ ಅನಬ್ಯಾಡ, ಇತ್ತು ಅನಬ್ಯಾಡ. ನನಗ ನೆನಪಿಲ್ಲ ಅನ್ನು. ಇಷ್ಟ ದಿವ್ಸ ಅದನ್ನ ಅಂದೀಯಲ್ಲ, ನನಗೇನೂ ನೆನಪಿಲ್ಲ, ನನ್ನ ತಲಿ ನಂಬಬ್ಯಾಡ್ರಿ ಅಂತ. ಒಂದ ಸಲ ನಮ್ಮ ಸಲುವಾಗಿ ಅನ್ನು."

ಆ ಮಾತಿನಲ್ಲಿ ಒಂದು ಬಿರುಕೂ ಇರಲಿಲ್ಲ. ಧಾರವಾಡದ ನನ್ನ ಗುರುಗಳು ಕೇಳಿದ್ದರೂ ತಲೆದೂಗುತ್ತಿದ್ದರು. ಆಗಲಿ ಎಂದೆ. ವಕೀಲರಿಗೂ ಅದನ್ನೇ ಹೇಳಿದೆವು.

ಕೋರ್ಟಿನಲ್ಲಿ ದರ್ಜಿ ಹಿಂದಿನ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ. ಕಾಲಿನಲ್ಲಿ ರಾಡು ಇದೆ, ಹೊಲಿಗೆ ಯಂತ್ರ ತುಳಿಯಲು ಆಗುವುದಿಲ್ಲ ಎಂದು ಕೇಳಿದ್ದೆ. ಅವನನ್ನು ನೋಡಬಾರದೆಂದು ಗೋಡೆ ನೋಡುತ್ತ ಹೋಗಿ ನಿಂತೆ. ನಮ್ಮ ವಕೀಲರು ಕೇಳಿದರು, ರಸ್ತೆಯಂಚಿಗೆ ಗೆರೆ ಇದ್ದದ್ದನ್ನು ನೀವು ನೋಡಿದಿರಾ? ನನಗೆ ನೆನಪಿಲ್ಲ ಎಂದೆ. ಅವರು ತಲೆಯಾಡಿಸಿ ಕೂತರು. ಅಕ್ಕ ಬಾಗಿಲ ಹತ್ತಿರ ಸೆರಗು ಹಿಡಿದು ನಿಂತಿದ್ದಳು. ಅವಳ ಭುಜ ಇಳಿದದ್ದು ಕಂಡಿತು.

ಆಮೇಲೆ ಸರ್ಕಾರಿ ವಕೀಲರು ಎದ್ದರು. ಅವರು ಗೆರೆಯ ಮಾತನ್ನೇ ಎತ್ತಲಿಲ್ಲ. ಎಲ್ಲಿಂದ ಬಂದಿರಿ, ಏನು ಮಾಲು, ಎಷ್ಟು ಹೊತ್ತಿಗೆ ಎಂದು ಕೇಳಿದರು. ಬೇಸರವಾದವರ ಹಾಗೆ ಕಾಗದ ಮಗುಚುತ್ತ, "ನಿಮ್ಮ ಬದಿಯ ಮುಂದಿನ ಚಕ್ರ ಎಲ್ಲಿತ್ತು?" ಎಂದರು.

"ಗೆರೆಯ ಮೇಲೆ" ಎಂದೆ.

ಟೈಪು ಮಾಡುತ್ತಿದ್ದವಳು ತಲೆಯೆತ್ತಿ ನೋಡಿ ಮತ್ತೆ ಟೈಪು ಮಾಡಿದಳು.

"ಯಾವ ಗೆರೆ?"

"ಹಳದಿ."

"ನೆನಪಿಲ್ಲ ಅಂದಿರಲ್ಲ ಈಗ?"

ಏನು ಹೇಳಲಿ? ಅದು ನನ್ನ ನೆನಪೋ, ಬಾಗೇವಾಡಿಯಲ್ಲಿ ಕಂಡ ಚಕ್ರವೋ, ಭಾವ ಹೇಳಿದ್ದು ನನ್ನ ಕಣ್ಣಿಗೆ ಇಳಿದು ಕೂತದ್ದೋ? ಬಾಯಿಗೆ ಮಾತ್ರ ಅನುಮಾನವಿರಲಿಲ್ಲ. ನ್ಯಾಯಾಧೀಶರು ಕಾಯುತ್ತಿದ್ದರು. ಭಾವನಿಗೆ ಗೆರೆಯ ಅರ್ಥ ಗೊತ್ತಿರಲಿಲ್ಲ, ನಿಲ್ಲಲು ಕೊಟ್ಟ ಜಾಗ ಎಂದು ತಿಳಿದು ಅಚ್ಚುಕಟ್ಟಾಗಿ ನಿಲ್ಲಿಸಿದ ಎಂದು ಹೇಳತೊಡಗಿದೆ. ಸಂತೆ, ಸುಣ್ಣ, ತಾಡಪಾಲು ಎಂದೆಲ್ಲ ಶುರುವಾದಾಗ ನ್ಯಾಯಾಧೀಶರು ಕೈಯೆತ್ತಿ ತಡೆದರು. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಎಂದರು. ನಮ್ಮ ವಕೀಲರು ಫೈಲು ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದರು. ಭಾವ ಕಟಕಟೆಯಲ್ಲಿ ನನ್ನನ್ನೇ ನೋಡುತ್ತಿದ್ದ. ಸಿಟ್ಟಿನಿಂದಲ್ಲ. ಹೌದು ಎಂಬಂತೆ ಒಮ್ಮೆ ತಲೆಯಾಡಿಸಿದ, ಯಾರೂ ಅವನನ್ನು ಕೇಳಿರಲಿಲ್ಲ.

ಹೊರಗೆ ದರ್ಜಿ ಊರುಗೋಲು ಹಿಡಿದು ನಿಂತಿದ್ದ. "ಖರೇ ಹೇಳಿದ್ರಿ, ಭಾಳ ಛಲೋ ಆತ್ರಿ" ಎಂದು ಕೈ ಮುಗಿದ. ಕೈ ಮುಗಿಯಲು ಊರುಗೋಲನ್ನು ಕಂಕುಳಲ್ಲಿ ಒತ್ತಿ ಹಿಡಿಯಬೇಕಾಯಿತು. ನಾನು ತಿರುಗಿ ಕೈ ಮುಗಿಯಲಿಲ್ಲ. ಖರೇ ಎಂದು ಅವನಿಗೆ ಹೇಗೆ ಗೊತ್ತು? ಅವನೂ ಆ ಗೆರೆಯನ್ನು ನೋಡಿರಲಿಲ್ಲ.

ತೀರ್ಪಿಗೆ ಬೇರೆ ದಿನ ಕೊಟ್ಟರು. ವಕೀಲರು ಇನ್ನೇನೂ ಆಸೆ ಇಟ್ಟುಕೊಳ್ಳಬೇಡಿ ಎಂದರು. ಭಾವ ಗಾಡಿ ತಂದ. ಅಕ್ಕ ನಡುವೆ ಕೂತಳು, ನಾನು ಎಡಕ್ಕೆ. ಸಿಂದಗಿ ದಾಟಿದೆವು. ಆಮೇಲೆ ಅಕ್ಕ ಗಾಜಿನ ಕಡೆ ನೋಡುತ್ತ ಹೇಳಿದಳು, "ಮನೀಗೆ ಬಾ, ಉಣ್ಣು. ನನ್ನ ಕೂಡ ಮಾತಾಡಬ್ಯಾಡ."

ಬಿಸಿಲು ಜೋರಿತ್ತು. ಆಲಮೇಲ ಹತ್ತಿರ ಬಂದಾಗ ಅವಳಿಗೆ ತಲೆಸುತ್ತು ಬಂತು. ಎಲ್ಲಾದರೂ ನಿಲ್ಲಿಸಿ, ವಾಂತಿ ಬರುವಂತಿದೆ ಎಂದಳು. ಭಾವ ವೇಗ ಇಳಿಸಿದ. ಗಾಡಿ ಎಡಕ್ಕೆ ಬಂತು, ನಿಲ್ಲಲಿಲ್ಲ. ಮತ್ತೆ ರಸ್ತೆಗೆ ಏರಿತು, ಮತ್ತೆ ಎಡಕ್ಕೆ ಬಂತು. ಇಷ್ಟು ವರ್ಷ ಗಾಡಿ ಹೊಡೆದವನು ಈಗ ಕಲಿಯುವವನ ಹಾಗೆ ಸ್ಟೇರಿಂಗು ತಿರುಗಿಸುತ್ತಿದ್ದ.

"ನೋಡೋ" ಎಂದ ನನಗೆ. "ಇಲ್ಲಿ ನಿಲ್ಸಬೌದೇನು?"

ತಲೆ ಹೊರಗೆ ಹಾಕಿದೆ. ಕೆಳಗೆ ಡಾಂಬರಿನ ಹರಿದ ಅಂಚು, ಕೆಂಪು ಮಣ್ಣು, ಕಬ್ಬಿನ ಸಿಪ್ಪೆ. ಗೆರೆ ಇರಲಿಲ್ಲ. ಬಿಳಿಯೂ ಇಲ್ಲ, ಹಳದಿಯೂ ಇಲ್ಲ.

"ನಿಲ್ಸಬೌದು" ಎಂದೆ.

"ಖಾತ್ರಿ?"

ನಾನು ಮತ್ತೊಮ್ಮೆ ಬಗ್ಗಿ ನೋಡಿದೆ. ಅಷ್ಟರಲ್ಲಿ ಆ ಜಾಗ ಹಿಂದೆ ಹೋಗಿತ್ತು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು, ಭಾವ ನಿಲ್ಲಿಸದೆ ಹೊಡೆಯುತ್ತಲೇ ಇದ್ದ.